ಬೆನ್ನ ಹಿಂದಿನ ಸೈಕಲ್ಲು

ಅಕ್ಕಿಆಲೂರಿನಿಂದ ಹಾನಗಲ್ಲಿಗೆ ಹೋಗುವ ರಸ್ತೆಯಲ್ಲಿ ನಾನು ಓಡಲು ಶುರುಮಾಡಿದಾಗ ಇನ್ನೂ ಹೈಸ್ಕೂಲಿನಲ್ಲಿದ್ದೆ. ಹಿರೇಕೆರೂರಿನ ಒಂದು ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿ ಮೊದಲು ಬಂದಿದ್ದೆ. ನಮ್ಮ ಪಿ.ಟಿ. ಮಾಸ್ತರು ಮನೆಗೇ ಬಂದು ಅಪ್ಪನಿಗೆ ಹೇಳಿದರು: "ಈಕಿಗೆ ಉಸರು ಭಾಳ ಐತ್ರಿ. ದಿನಾ ಓಡಸ್ರಿ."

ಅಪ್ಪ ಅಕ್ಕಿ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. ಬೆಳಗಿನ ಜಾವ ತಲೆ, ಹುಬ್ಬುಗಳ ಮೇಲೆಲ್ಲ ತೌಡಿನ ಧೂಳು ಹೊತ್ತು ಮನೆಗೆ ಬರುತ್ತಿದ್ದ. ಮಾಸ್ತರು ಬಂದುಹೋದ ಮರುದಿನ ಹಾಗೆ ಬಂದವನು ಸೈಕಲ್ಲಿನಿಂದ ಇಳಿಯಲೇ ಇಲ್ಲ.

"ನಾಯಿ ಅದಾವ, ಲಾರಿ ಅದಾವ. ನೀ ಮುಂದ ಓಡು, ನಾ ಹಿಂದ ಬರ್ತೇನಿ."

ಮೊದಲ ಕೆಲವು ವರ್ಷ ಅದೊಂದು ಸುಖ. ಎರಡೂ ಬದಿ ಭತ್ತದ ಗದ್ದೆ, ಕಾಲಿಗೆ ತಣ್ಣನೆಯ ಗಾಳಿ, ಹಿಂದೆ ಚೈನಿನ ಕರಕರ. ಸುಸ್ತಾಗಿ ನಿಧಾನಿಸಿದರೆ ಸೈಕಲ್ಲಿನ ಗಾಲಿ ಹಿಮ್ಮಡಿಯ ಹತ್ತಿರ ಬರುತ್ತಿತ್ತು. ಅಪ್ಪ ಎಂದೂ ಬೈಯಲಿಲ್ಲ. ಒಮ್ಮೆ ಗಂಟೆ ಬಾರಿಸುತ್ತಿದ್ದ, ಅಷ್ಟೇ. ನಾನು ಮತ್ತೆ ಜೋರಾಗಿ ಓಡುತ್ತಿದ್ದೆ.

ರಾಜ್ಯ ಮಟ್ಟದಲ್ಲಿ ಗೆದ್ದೆ. ಊರಿನ ಸರ್ಕಲ್ಲಿನಲ್ಲಿ ನನ್ನ ಫೋಟೋದ ಬ್ಯಾನರು ಕಟ್ಟಿದರು. ಕ್ರೀಡಾ ಕೋಟಾದಲ್ಲಿ ಹಾನಗಲ್ಲಿನ ಒಂದು ಕಚೇರಿಯಲ್ಲಿ ನೌಕರಿ ಸಿಕ್ಕಿತು. ಅಲ್ಲಿಂದಾಚೆ ಓಟ ನನ್ನದಾಗಿ ಉಳಿಯಲಿಲ್ಲ. ಸಾಹೇಬರು ದಿನಾ ಬೆಳಿಗ್ಗೆ ಕೇಳುತ್ತಿದ್ದರು, "ಈ ಸಲಾನೂ ಮೆಡಲ್ ಬರತೈತೋ ಇಲ್ಲವಾ? ಮ್ಯಾಲಿನವರು ಕೇಳಾಕತ್ತಾರ." ಬಸ್ಸಿನ ಕಂಡಕ್ಟರು ಟಿಕೆಟ್ ಕೊಡುವಾಗ ಕೇಳುತ್ತಿದ್ದ, ಸಂತೆಯಲ್ಲಿ ಮೆಣಸಿನಕಾಯಿ ಮಾರುವಾಕೆ ಕೇಳುತ್ತಿದ್ದಳು. ಎಲ್ಲರಿಗೂ ನಕ್ಕು ತಲೆ ಆಡಿಸುತ್ತಿದ್ದೆ. ಒಳಗೆ ಮಾತ್ರ, ಹೊರಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಕೂತಂತೆ ಆಗುತ್ತಿತ್ತು.

ಸವಣೂರಿನಿಂದ ಒಂದು ಸಂಬಂಧ ಬಂತು. ಹುಡುಗನ ತಾಯಿ ಚಹದ ಬಟ್ಟಲು ಕೆಳಗಿಟ್ಟು ಕೇಳಿದಳು: "ಲಗ್ನಾದ ಮ್ಯಾಲೂ ಹಿಂಗ ಓಡಾಕಿ ಏನ್ರಿ?"

"ಓಡದ ಬಿಡ್ತಾಳೇನ್ರಿ?" ಅಂದ ಅಪ್ಪ, ನನ್ನನ್ನು ಕೇಳದೆಯೇ, ಹೆಮ್ಮೆಯಿಂದ.

ಆ ಮನೆಯವರು ಮತ್ತೆ ಬರಲಿಲ್ಲ. ನನಗೆ ಆ ಹುಡುಗನ ಮುಖವೂ ಸರಿಯಾಗಿ ನೆನಪಿಲ್ಲ. ಆದರೂ ಅವತ್ತು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಅತ್ತೆ. ಓಟ ನಿಲ್ಲಿಸಲು ಯಾರೂ ತಪ್ಪು ತಿಳಿಯದಂಥ ಒಂದು ಕಾರಣ ಬಾಗಿಲಿಗೆ ಬಂದು ಹೊರಟು ಹೋಗಿತ್ತು. ಅವ್ವ ನೋಡಿದಳು. ತಿಕ್ಕಿದ ಪಾತ್ರೆಗಳನ್ನು ತೊಳೆಯಲು ಪಕ್ಕದಲ್ಲಿ ಕೂತಳು.

ಕೆಲವು ವರ್ಷಗಳ ಮೇಲೆ ಮೊಣಕಾಲ ಕೆಳಗೆ ನೋವು ಶುರುವಾಯಿತು. ಹುಬ್ಬಳ್ಳಿಗೆ ಒಬ್ಬಳೇ ಹೋಗಿ ತೋರಿಸಿದೆ. ಎಲುಬಿನಲ್ಲಿ ಸಣ್ಣ ಬಿರುಕು ಇದೆ, ಕೆಲವು ತಿಂಗಳು ಓಡಲೇಬಾರದು ಎಂದರು ಡಾಕ್ಟರು. ತಿರುಗಿ ಬರುವಾಗ ಬಸ್ಸು ತಡಸದಲ್ಲಿ ನಿಂತಿತ್ತು. ನಾನು ಕಿಟಕಿಗೆ ತಲೆ ಆನಿಸಿ ಒಳಗೊಳಗೇ ನಗುತ್ತಿದ್ದೆ. ನೋವಿನಿಂದ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. ಮನೆ ತಲುಪಿದಾಗ ಅಪ್ಪ ಅಂಗಳದಲ್ಲಿ ಸೈಕಲ್ ಬೋರಲು ಹಾಕಿ ಚೈನಿಗೆ ಎಣ್ಣೆ ಬಿಡುತ್ತಿದ್ದ. "ಶಿಗ್ಗಾವಿ ಓಟಕ್ಕ ಗಿರಣ್ಯಾಗ ರಜಾ ಹೇಳೇನಿ," ಅಂದ. ಡಾಕ್ಟರ ಚೀಟಿಯನ್ನು ಮಡಚಿ ಚೀಲದೊಳಗೆ ತುರುಕಿದೆ.

ಶಿಗ್ಗಾವಿಯಿಂದ ಗೊಟಗೋಡಿಗೆ ಹೋಗಿ ಬರುವ ಓಟ ಅದು. ಅಪ್ಪ ಅಲ್ಲಿಗೂ ಸೈಕಲ್ ತಂದಿದ್ದ, ಓಟ ನಡೆಸುವವರು ಬೇಡ ಎಂದರೂ ಬಿಡದೆ ರಸ್ತೆಯ ಅಂಚಿನಲ್ಲಿ ಹಿಂದೆ ಬರುತ್ತಿದ್ದ. ಊರು ದಾಟುವ ಮೊದಲೇ ಕಾಲು ಸಿಡಿಯತೊಡಗಿತು. ಹಲ್ಲು ಕಚ್ಚಿ ಓಡಿದೆ. ನಿಧಾನವಾದೆ. ಹಿಂದೆ ಗಂಟೆ ಕೇಳಿಸಿತು. ನಾನು ರಸ್ತೆ ಬಿಟ್ಟು ಇಳಿದು ಬೇವಿನ ಮರದ ಕೆಳಗೆ ಕೂತುಬಿಟ್ಟೆ.

ಅಪ್ಪ ಸೈಕಲ್ ಕೈಬಿಟ್ಟು ಓಡಿ ಬಂದ. "ಏನಾತು ಯವ್ವಾ? ಏಳಾಕ ಆಗತೈತೇನು?"

"ಆಗತೈತಿ. ಆದ್ರ ಏಳಂಗಿಲ್ಲ, ಅಪ್ಪ."

ಅವನಿಗೆ ತಿಳಿಯಲಿಲ್ಲ. ಡಾಕ್ಟರು ಹೇಳಿದ್ದನ್ನು ಹೇಳಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು, ಎಲುಬಿನ ಮೇಲೆ ಎಲ್ಲ ಹಾಕಿಬಿಡಬಹುದಿತ್ತು. ಆದರೆ ಬಾಯಿ ತೆರೆದಾಗಿತ್ತು. "ಕಾಲು ಆರಾಮಾದ್ರೂ ಓಡಂಗಿಲ್ಲ. ನನಗ ಭಾಳ ದಿನದಿಂದ ಬ್ಯಾಡಾಗೇತಿ."

ಹಿಂದೆ ಉಳಿದವರು ಒಬ್ಬೊಬ್ಬರಾಗಿ ನಮ್ಮನ್ನು ದಾಟಿ ಹೋದರು. ಅಪ್ಪ ನೆಲಕ್ಕೆ ಕೈ ಊರಿ ಮೆಲ್ಲಗೆ ಪಕ್ಕದಲ್ಲಿ ಕೂತ. ಕೆಮ್ಮು ಬಂತು, ಬಹಳ ಹೊತ್ತು ಕೆಮ್ಮಿದ. ಆಮೇಲೆ ಅಂದ: "ಪಾಳಿ ಮುಗಿಸಿ ಸೈಕಲ್ ತುಳಿಯೂವಾಗ ನಂಗೂ ಎದಿ ಬಿಗೀತಿತ್ತವಾ. ಎಷ್ಟೋ ಸಲ ಸಾಕು ಅನಸ್ತಿತ್ತು. ನಾ ನಿಂತ್ರ ನಿನ್ನ ಮನಸು ಮುರೀತೈತಿ ಅಂತ ತುಳ್ಕೋತ ಬಂದೆ."

ಆಗ ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. "ಒಂದ ಮಾತು ಹೇಳಬಾರದಿತ್ತೇನು?" ಎಂದು ರಸ್ತೆಗೆ ಕೇಳುವಂತೆ ಒದರಿದೆ. ಅಪ್ಪ ನನ್ನ ಕಡೆ ತಿರುಗಿ, "ನೀ ಹೇಳಿದ್ಯೇನು?" ಅಂದ. ಆಮೇಲೆ ಓಟ ನಡೆಸುವವರ ಜೀಪು ಬಂದು ನಮ್ಮನ್ನು ಹತ್ತಿಸಿಕೊಂಡಿತು.

ಕಚೇರಿಯಲ್ಲಿ ನನ್ನ ಮೇಜನ್ನು ಹಳೆಯ ಕಡತಗಳ ಕೋಣೆಗೆ ಸರಿಸಿದರು. ಅಲ್ಲಿ ಕಿಟಕಿಯೇ ಇಲ್ಲ. ಸಾಹೇಬರು ಈಗ ಏನೂ ಕೇಳುವುದಿಲ್ಲ, ನೋಡುವುದೂ ಇಲ್ಲ. ಕಂಡಕ್ಟರು ಮಾತ್ರ ಇನ್ನೂ ಕೇಳುತ್ತಾನೆ; ಅವನಿಗೆ ನಿಜ ಹೇಳುವಷ್ಟು ಗಟ್ಟಿ ನಾನು ಇನ್ನೂ ಆಗಿಲ್ಲ.

ಓಟ ಬಿಟ್ಟ ಮರುದಿನ ಅದೇ ಹೊತ್ತಿಗೆ ಎಚ್ಚರವಾಯಿತು. ಕಾಲುಗಳು ತಾವಾಗಿಯೇ ಮಿಡುಕುತ್ತಿದ್ದವು. ಹೊರಗೆ ಬಂದರೆ ಪಾಳಿ ಮುಗಿಸಿ ಬಂದ ಅಪ್ಪ, ಮಲಗಲೂ ಮನಸಾಗದೆ, ಕಟ್ಟೆಯ ಮೇಲೆ ಕೂತಿದ್ದ. ನಾನೂ ಹೋಗಿ ಕೂತೆ. ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಏನು ಮಾಡಬೇಕೆಂದೂ ತೋಚಲಿಲ್ಲ. ಸ್ವಲ್ಪ ಹೊತ್ತಿಗೆ ಅವ್ವ ಮೊರದ ತುಂಬ ಅಕ್ಕಿ ತಂದು ನಮ್ಮಿಬ್ಬರ ನಡುವೆ ಇಟ್ಟಳು.

"ಸುಮ್ನ ಕುಂದರಬ್ಯಾಡ್ರಿ. ಕಲ್ಲು-ಹಳ್ಳು ಆರಸ್ರಿ."