ಚಲನ್ ಕೈಗೆ ಬರುವವರೆಗೆ

ಅವರ ಬಲಗೈ ತೋರುಬೆರಳು ಅರ್ಧವೇ ಇತ್ತು. ಹಿಂದೆಂದೋ ಪ್ರೆಸ್ ಮೆಷಿನ್ ಕಚ್ಚಿಕೊಂಡು ಹೋದದ್ದು. ಆ ಮೋಟು ಬೆರಳನ್ನೇ ಲಾರಿ ಡ್ರೈವರ್‌ಗಳ ಎದೆಗೆ ಚುಚ್ಚಿ, "ಚಲನ್ ಎಲ್ಲಪ್ಪ?" ಎನ್ನುತ್ತಿದ್ದರು. ಪೀಣ್ಯದಲ್ಲಿ ಉಕ್ಕಿನ ಪ್ಲೇಟುಗಳಿಗೆ ತೂತು ಕೊರೆದು ಕೊಡುವ ನಮ್ಮ ಸಣ್ಣ ಕಾರ್ಖಾನೆಯ ಸ್ಟೋರ್ ಅವರ ಕೈಯಲ್ಲಿತ್ತು. ನಮಗೆಲ್ಲ ಅವರು ಸ್ಟೋರಣ್ಣ. ಲೋಡೆಲ್ಲ ಇಳಿದು, ಕೊನೆಯಲ್ಲಿ ಸರಕಿನ ಪಟ್ಟಿಯಿರುವ ಚಲನ್ ಕೈಗೆ ಬರುವವರೆಗೆ ಒಂದು ಪ್ಲೇಟನ್ನೂ ಮುಟ್ಟಗೊಡುತ್ತಿರಲಿಲ್ಲ. ಅವಸರ ಮಾಡಿದವರಿಗೆ, "ಬೇಯೋಗಂಟ ಕಾದೋನಿಗೆ ಆರೋಗಂಟ ಕಾಯಕ್ಕಾಗಲ್ವಾ?" ಎಂದು ರೇಗುತ್ತಿದ್ದರು.

ನಾನು ಅಲ್ಲಿ ಕಂಪ್ಯೂಟರ್ ಕೆಲಸದವಳು. ಎಲ್ಲೆಲ್ಲಿ ತೂತು ಬೇಕೆಂದು ಸಾಲುಸಾಲಾಗಿ ಹೇಳುವ ಫೈಲುಗಳು ನಮ್ಮ ದೊಡ್ಡ ಗಿರಾಕಿಯ ಬೆಳ್ಳಂದೂರು ಆಫೀಸಿನಿಂದ ಒಂದು ಫೋಲ್ಡರಿಗೆ ಬಂದು ಬೀಳುತ್ತಿದ್ದವು. ಹೊಸ ಫೈಲ್ ಕಂಡ ಕೂಡಲೇ ಮೆಷಿನ್ನಿಗೆ ಕಳಿಸುವ ಪ್ರೋಗ್ರಾಮ್ ಬರೆದದ್ದು ನಾನೇ. ಅದರ ಜಂಬವೂ ನನಗಿತ್ತು.

ಒಂದು ದಿನ ಕೊನೆಯ ಸಾಲಿನ ತೂತುಗಳೇ ಇಲ್ಲದ ಪ್ಲೇಟುಗಳು ಗಿರಾಕಿಯಿಂದ ವಾಪಸು ಬಂದವು. ಫೈಲ್ ಇನ್ನೂ ಅರ್ಧ ಇಳಿದಿರುವಾಗಲೇ ನನ್ನ ಪ್ರೋಗ್ರಾಮ್ ಅದನ್ನು ಎತ್ತಿಕೊಂಡಿತ್ತು. ಫೈಲಿನ ಗಾತ್ರ ಹತ್ತು ಸೆಕೆಂಡು ಬೆಳೆಯದಿದ್ದರೆ ಮುಗಿಯಿತೆಂದು ತಿಳಿಯುವಂತೆ ತಿದ್ದಿದೆ. ಮತ್ತೆ ಹಾಗೇ ಆಯಿತು. ಎರಡು ನಿಮಿಷಕ್ಕೆ ಏರಿಸಿದೆ. ಇಂಟರ್ನೆಟ್ ಅದಕ್ಕಿಂತ ಹೆಚ್ಚು ಹೊತ್ತು ನಿಂತು, ಮೂರನೆಯ ಸಲವೂ ಪ್ಲೇಟು ಹಾಳಾಯಿತು. ನಿಂತದ್ದಕ್ಕೂ ಮುಗಿದದ್ದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆಂದು ನನಗೆ ಹೊಳೆಯಲೇ ಇಲ್ಲ.

ಮಾಲೀಕರು ಎಲ್ಲರೆದುರು ಕೂಗಾಡಿದರು. "ಯಾರ ತಪ್ಪು ಅಂತ ಗೊತ್ತಾಗ್ಲಿ, ಅವರು ಇವತ್ತೇ ಮನೆಗೆ!" ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. "ಬೆಳ್ಳಂದೂರಿನವರೇ ಅರ್ಧ ಫೈಲ್ ಕಳಿಸಿದಾರೆ ಸಾರ್" ಎಂದುಬಿಟ್ಟೆ.

ಸ್ಟೋರಣ್ಣ ಅದನ್ನು ನಂಬಿದರು. ಹಾಳಾದ ಪ್ಲೇಟೊಂದನ್ನು ಗೋಣಿಚೀಲಕ್ಕೆ ಹಾಕಿಕೊಂಡು, ದಾಸರಹಳ್ಳಿಯಲ್ಲಿ ಬಸ್ಸು ಹತ್ತಿ, ನನ್ನ ಪರವಾಗಿ ಜಗಳವಾಡಲು ಬೆಳ್ಳಂದೂರಿಗೆ ಹೋದರು. ಸಂಜೆ ಹಿಂತಿರುಗಿದವರು ನೇರ ನನ್ನ ಮೇಜಿನ ಬಳಿಗೆ ಬಂದರು.

"ಫೈಲು ಪೂರ್ತಿ ಕಳ್ಸವ್ರೆ ಕಣವ್ವ. ಟೈಮಿನ ಸಮೇತ ತೋರ್ಸುದ್ರು. ನಾವೇ ಮುಂಚೆ ಎತ್ಕೊಂಡಿದ್ದಂತೆ."

ನಾನು ಅತ್ತೆ. ನನ್ನ ತಪ್ಪೆಂದು ಮೊದಲೇ ಗೊತ್ತಿತ್ತು ಎಂದೂ ಹೇಳಿದೆ. ಅವರು ಬೈಯಲಿಲ್ಲ, ಸ್ಟೂಲೆಳೆದು ಕುಳಿತರು.

"ಲಾರಿ ನಿಂತ್ರೆ ಲೋಡ್ ಮುಗೀತು ಅಂತಾನಾ? ಡ್ರೈವರ್ರು ಟೀ ಕುಡಿಯಾಕೂ ನಿಲ್ಲಿಸ್ತಾನೆ. ಎಲ್ಲ ಬಂದ್ಮೇಲೆ ಕೊನೇಗೆ ಒಂದು ಚಲನ್ ಕಳ್ಸು ಅನ್ನು ಅವ್ರಿಗೆ. ಅದು ಬರೋಗಂಟ ನಿನ್ ಪ್ರೋಗ್ರಾಮು ಕೈ ಕಟ್ಕೊಂಡಿರ್ಲಿ."

ಇಷ್ಟು ಓದಿಯೂ ನನಗೆ ತೋಚದೇ ಹೋದದ್ದು ಇಷ್ಟೇ. ಬೆಳ್ಳಂದೂರಿನವರು ಒಪ್ಪಿದರು. ಪ್ರತಿ ಫೈಲೂ ಪೂರ್ತಿ ತಲುಪಿದ ಮೇಲೆ, ಅದೇ ಹೆಸರಿನ ಕೊನೆಗೆ 'ಚಲನ್' ಎಂದು ಸೇರಿಸಿದ ಪುಟ್ಟ ಖಾಲಿ ಫೈಲೊಂದನ್ನು ಅವರ ಕಂಪ್ಯೂಟರ್ ಕಳಿಸತೊಡಗಿತು. ಅದು ಕಂಡರೆ ಮಾತ್ರ ನಮ್ಮ ಮೆಷಿನ್ನಿಗೆ ಕೆಲಸ. ಆಮೇಲೆ ಒಂದು ತೂತೂ ತಪ್ಪಲಿಲ್ಲ.

ಆದರೆ ಮಾಲೀಕರಿಗೆ ಉತ್ತರ ಬೇಕಿತ್ತಲ್ಲ. ಬೆಳ್ಳಂದೂರಿಗೆ ಹೋಗಿಬಂದ ಮರುದಿನ ಬೆಳಿಗ್ಗೆಯೇ ಸ್ಟೋರಣ್ಣ ಅವರೆದುರು ನಿಂತು, "ಹುಡ್ಗಿ ಫೈಲ್ ಪೂರ್ತಿ ಬರ್ಲಿ ತಡೀರಿ ಅಂತಿದ್ಲು ಸಾರ್. ನಾನೇ ಪ್ಲೇಟ್ ಕೊಟ್ಟು ಮೆಷಿನ್ ಓಡ್ಸಿ ಅಂದೆ" ಎಂದರು. ನಾನು ಬಾಯಿ ತೆರೆಯಲು ಹೋದೆ. ಅವರು ಕಣ್ಣಲ್ಲೇ ಗದರಿದರು. ಹೊರಗೆ ಬಂದ ಮೇಲೆ, "ನಂಗೆ ಬಾಗಲಗುಂಟೇಲಿ ಎರಡು ಮನೆ ಬಾಡ್ಗೆ ಬರ್ತದೆ. ನಿಂಗೇನೈತೆ?" ಎಂದರು. ಅಂದೇ ಮಧ್ಯಾಹ್ನ ಸ್ಟೋರಿನ ಬೀಗದ ಕೈ ಕೊಟ್ಟು ಹೊರಟರು. ನಾನು ಕಂಪ್ಯೂಟರ್ ಮುಂದೆ ಕುಳಿತೇ ಇದ್ದೆ.

ಇವತ್ತು ಹೋಗಿ ಮಾತಾಡಿಸಬೇಕು, ನಾಳೆ ಹೋಗಬೇಕು ಎಂದುಕೊಳ್ಳುತ್ತಲೇ ವರ್ಷ ಕಳೆಯಿತು. ನಾಚಿಕೆ ಬಿಡಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗ ಬಾಗಲಗುಂಟೆಯ ಅವರ ಮನೆಗೆ ಹೋದೆ. ನಾನು ಯಾರೆಂದು ತಿಳಿದ ಕೂಡಲೇ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು.

"ಮನೇಲ್ ಕೂತು ಸೊರಗೋದ್ರು ಕಣವ್ವ. ಆ ಮಗಾ ಒಂದಿನ ಸಾವ್ಕಾರ್ರಿಗೆ ನಿಜ ಹೇಳ್ತದೆ, ನನ್ನ ಕರೀತಾರೆ ಅಂತ ಕಾಯೋರು. ಹೇಳಿದ್ಯೇನವ್ವ?"

ಹೇಳಿದೆ ಎಂದೆ.

ಮರುದಿನ ಮಾಲೀಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು "ಈಗ ಹೇಳಿ ಏನಮ್ಮ ಮಾಡೋದು" ಎಂದು ಮೊಬೈಲ್ ಕೈಗೆತ್ತಿಕೊಂಡರು. ನನ್ನನ್ನು ಕೆಲಸದಿಂದ ತೆಗೆಯಲೂ ಇಲ್ಲ.