ಅಜೈಬಾದಲ್ಲಿ ಹರಿದ ಸಿಹಿ ದೋಸೆ

ಮಾನ್ಯರೇ, ಪ್ರಥಮ ಬಾರಿಗೆ ಪತ್ರಿಕೆಗೆ ಬರೆಯುತ್ತಿರುವುದರಿಂದ ನನ್ನ ಕೈಬರಹ ಹಾಗೂ ಕಾಗುಣಿತದ ದೋಷಗಳನ್ನು ಮನ್ನಿಸಬೇಕಾಗಿ ಸವಿನಯ ಪ್ರಾರ್ಥನೆ.

“ಅಯ್ಯೋ, ಹರೀಬೇಡಿ ಆಂಟೀ!” ಎಂದು ನಾನು ಕನ್ನಡದಲ್ಲೇ ಕೂಗಿಬಿಟ್ಟೆ. ಮಸ್ಕತ್ತಿನ ಅಲ್ ಅಜೈಬಾದ ನಮ್ಮ ಅಡುಗೆಮನೆಯಲ್ಲಿ, ಮೇಲಿನ ಮನೆಯ ಆಸ್ಟ್ರಿಯಾದ ವೃದ್ಧೆಯು ಹೊಂಬಣ್ಣಕ್ಕೆ ಉಬ್ಬಿದ್ದ ಸಿಹಿ ದೋಸೆಯನ್ನು ಎರಡು ಫೋರ್ಕುಗಳಿಂದ ಚೂರುಚೂರು ಮಾಡುತ್ತಿದ್ದರು. ನಮ್ಮಲ್ಲಿ ಹರಿದ ದೋಸೆಯನ್ನು ಯಾರಿಗೂ ಬಡಿಸುವ ಪದ್ಧತಿಯಿಲ್ಲ. ತನ್ನ ಗೆಳತಿಯ ಕುಟುಂಬವು ಊರಿಗೆ ಮರಳಿದಂದಿನಿಂದ ಸರಿಯಾಗಿ ಉಣ್ಣದ, ಆಕೆಯ ಫೋನ್ ಬಂದರೂ ಮಾತನಾಡದ ನನ್ನ ಮಗಳಿಗಾಗಿ ಅವರು ಅದನ್ನು ಮಾಡುತ್ತಿದ್ದರು.

“ನಮ್ಮ ದೇಶದಲ್ಲಿ ಇದನ್ನು ಹರಿದೇ ಬಡಿಸುವುದು, ಚೆನ್ನಾಗಿ ಬಂದದ್ದನ್ನೇ ಹರಿಯಬೇಕು. ಸಂಕಟವಾದರೆ ಆ ಕಡೆ ತಿರುಗಿಕೋ,” ಎಂದು ಅವರು ಇಂಗ್ಲಿಷಿನಲ್ಲಿ ಗದರಿ, ಮೇಲಿನಿಂದ ಸಕ್ಕರೆಪುಡಿಯನ್ನು ಜರಡಿ ಹಿಡಿದರು. ಕಿಟಕಿಯ ಬಿಸಿಲಿನಲ್ಲಿ ಆ ಬಿಳಿಯ ಪುಡಿ ಇಳಿಯಲು ಮನಸ್ಸಿಲ್ಲದಂತೆ ತೇಲಿತು. ಹೊರಗಿನ ಕಾದ ಬೀದಿ ಎಲ್ಲೋ ದೂರ ಸರಿದಂತಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು ಬಂದು ಬಾಣಲೆಗೇ ಕೈಹಾಕಿ ಒಂದು ಚೂರು ತಿಂದಳು, ಮತ್ತೊಂದನ್ನೂ ತೆಗೆದುಕೊಂಡಳು.

“ಅಮ್ಮಾ, ಫೋನ್ ಕಾರ್ಡ್ ಇದ್ಯಾ? ಅವಳಿಗೆ ಇದನ್ನ ಹೇಳ್ಬೇಕು.”

ಅಂದು ನಾನೂ ತಿಂದ ಆ ರುಚಿ ಈಗ ಮರೆತಿದೆ. ಬಾಯಿತುಂಬ ತಿಂಡಿಯಿಟ್ಟುಕೊಂಡು ಗೆಳತಿಯೊಡನೆ ನಗುತ್ತಿದ್ದ ಮಗಳ ದನಿ ಮಾತ್ರ ಇಂದಿಗೂ ಕಿವಿಯಲ್ಲಿದೆ. ತಪ್ಪುಗಳು ಕಂಡುಬಂದಲ್ಲಿ ಓದುಗರು ದಯವಿಟ್ಟು ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ.