ಬಿಸಿ ಮಾಡಿ ಮಾರಿದ ಮಷೀನು

ಆ ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿದ್ದ ನನ್ನ ಬಾಡಿಗೆ ಗಾಳಾದ, ಅಂದರೆ ಶೆಡ್ಡಿನ, ಶಟರ್ ಎತ್ತಿ, ಲೋಹ ಕೊರೆಯುವ ಸಿಎನ್‌ಸಿ ಮಿಲ್ಲಿಂಗ್ ಮಷೀನನ್ನು ಚಾಲೂ ಮಾಡಿ, ಕೆಲಸವಿಲ್ಲದೆ ಓಡಲು ಬಿಟ್ಟೆ. ಕೊಳ್ಳುವವರು ಹತ್ತಕ್ಕೆ ಬರುತ್ತೇವೆ ಅಂದಿದ್ದರು. ಅಷ್ಟರೊಳಗೆ ಅದು ಒಳಗಿನಿಂದ ಬಿಸಿಯಾಗಿರಬೇಕಿತ್ತು.

ಮಷೀನಿಗೆ ಹೆಚ್ಚುಕಡಿಮೆ ನನ್ನ ವಯಸ್ಸು. ಮೈ ಹಳೆಯ ಕಾಲದ ಗಟ್ಟಿ ಎರಕ. ಠಾಣೆಯ ಒಬ್ಬ ಮೆಕ್ಯಾನಿಕ್ ಅದಕ್ಕೆ ಹೊಸ ಮೋಟರು, ಹೊಸ ಕಂಟ್ರೋಲರು ಕೂಡಿಸಿ ಕಂಪ್ಯೂಟರಿನ ಮಾತು ಕೇಳುವಂತೆ ಮಾಡಿದ್ದ. ಈ ದಂಧೆಯಲ್ಲಿ ಅದಕ್ಕೆ ರೆಟ್ರೋಫಿಟ್ ಅನ್ನುತ್ತಾರೆ. ಅವನ ಕೈಯಿಂದಲೇ ನಾನು ಕೊಂಡೆ. ಬಣ್ಣ ನೋಡಿ ಮರುಳಾದೆನೇ ಹೊರತು ಹೆಚ್ಚೇನೂ ಕೇಳಲಿಲ್ಲ. ನನ್ನ ಪುಣ್ಯ, ಎಂಟು ವರ್ಷ ಅದು ಕೈಬಿಡಲಿಲ್ಲ. ಕೊಳ್ಳುವಾಗ ನಾನು ಕೇಳದ ಪ್ರಶ್ನೆಗಳನ್ನು ಮಾರುವಾಗ ಬೇರೆಯವರೂ ಕೇಳಬಾರದೆಂದು ಆ ಬೆಳಿಗ್ಗೆ ದೇವರನ್ನು ಬೇಡಿಕೊಂಡೆ.

ಏಕೆಂದರೆ ಹಿಂದಿನ ಚಳಿಗಾಲದಿಂದ ಅದಕ್ಕೊಂದು ರೋಗ ಹತ್ತಿತ್ತು. ತಣ್ಣಗಿದ್ದಾಗ ಚಾಲೂ ಮಾಡಿದರೆ, ಮೇಲೆ ಕೆಳಗೆ ಚಲಿಸುವ ತಲೆ ಎರಡಿಂಚು ಇಳಿದು ನಿಂತುಬಿಡುತ್ತಿತ್ತು. ಪರದೆಯ ಮೇಲೆ ಕೆಂಪು ಅಲಾರಂ. ಕರೆಂಟು ಕೊಟ್ಟು ನಲವತ್ತು ನಿಮಿಷ ಬಿಟ್ಟರೆ ಸರಿಹೋಗಿ, ಏನೂ ಆಗಿಲ್ಲವೆಂಬಂತೆ ಸಂಜೆಯವರೆಗೆ ದುಡಿಯುತ್ತಿತ್ತು. ಮೋಟರು ನಡೆಸುವ ಡ್ರೈವ್ ಕಾರ್ಡಿಗೆ ಮುಪ್ಪು ಬಂದಿದೆ, ಈಗ ಅಂಥ ಕಾರ್ಡು ಸಿಗುವುದಿಲ್ಲ, ಒಂದು ದಿನ ಪೂರ್ತಿ ಕೈಕೊಡುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದ. ಇತ್ತ ಗಾಳಾದ ಮಾಲೀಕ ತಿಂಗಳ ಕೊನೆಗೆ ಖಾಲಿ ಮಾಡು ಅಂದಿದ್ದ. ನನಗೆ ರಬಾಳೆಯ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಅಷ್ಟರೊಳಗೆ ಮಷೀನು ಮಾರಾಟವಾಗದಿದ್ದರೆ ಗುಜರಿಯವನು ಕಿಲೋ ಲೆಕ್ಕದಲ್ಲಿ ಒಯ್ಯುತ್ತಿದ್ದ. ಅದನ್ನು ನೆನೆದರೇ ನನಗೆ ಊಟ ಸೇರುತ್ತಿರಲಿಲ್ಲ.

"ಇದ್ದದ್ದು ಇದ್ದಂಗ ಹೇಳಿಬಿಡ್ರಿ. ಇಲ್ಲಂದ್ರ ಆಮ್ಯಾಲೆ ನಿಮಗ ನಿದ್ದಿ ಬರಂಗಿಲ್ಲ," ಎಂದಿದ್ದಳು ಹೆಂಡತಿ. ಹೇಳಿದರೆ ಯಾರು ಕೊಳ್ಳುತ್ತಾರೆ ಎಂದು ಅವಳ ಮೇಲೇ ಸಿಡುಕಿದೆ.

ಹತ್ತಾಯಿತು, ಯಾರೂ ಬರಲಿಲ್ಲ. ಲೋಕಲ್ ಮುಂಬ್ರಾ ದಾಟಿ ನಿಂತುಬಿಟ್ಟಿದೆ ಎಂದು ಫೋನು ಬಂತು. ಕರೆಂಟು ಹೋದರೆ ನನ್ನ ಕತೆ ಮುಗಿಯಿತು ಎಂದುಕೊಂಡು ಮೀಟರಿನ ಕೆಂಪು ದೀಪವನ್ನೇ ನೋಡುತ್ತ ಕೂತೆ. ಹನ್ನೊಂದೂವರೆಗೆ ಅವರು ಬಂದರು, ಅಪ್ಪ ಮತ್ತು ಮಗಳು. ಅಪ್ಪ ಉಡುಪಿ ಕಡೆಯವರು, ಘಣಸೋಲಿಯಲ್ಲಿ ಹೋಟೆಲು ನಡೆಸಿದವರು. ಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಎರಡು ವರ್ಷ ಇನ್ನೊಬ್ಬರ ಹತ್ತಿರ ದುಡಿದು, ಈಗ ಸ್ವಂತ ವರ್ಕ್‌ಶಾಪ್ ಹಾಕಲು ಹೊರಟಿದ್ದಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ.

ನನಗೆ ಹೆದರಿಕೆಯಿದ್ದದ್ದು ಮಗಳದ್ದು. ಅವಳು ಡಯಲ್ ಹಚ್ಚಿ ಅಳತೆ ನೋಡಿದಳು, ಅಲ್ಯೂಮಿನಿಯಂ ತುಂಡಿನ ಮೇಲೆ ಒಂದು ವೃತ್ತ ಕೊರೆಸಿದಳು, ಭೂತಗನ್ನಡಿಯಲ್ಲಿ ಅದರ ಅಂಚು ನೋಡಿ "ಅಚ್ಛಾ ಹೈ" ಅಂದಳು. ನಾನು ಬೆವರು ಒರೆಸಿಕೊಂಡೆ. ಅಲ್ಲಿಯ ತನಕ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ ಅಪ್ಪ ಎದ್ದು ಬಂದು, ಕಂಟ್ರೋಲ್ ಪೆಟ್ಟಿಗೆಯ ಬಾಗಿಲ ಮೇಲೆ ಅಂಗೈ ಇಟ್ಟರು.

"ಬೆಳಿಗ್ಗೆಯಿಂದ ಓಡ್ತಾ ಉಂಟಾ ಇದು?"

"ಹೌದ್ರಿ, ನಿಮ್ಮ ಸಲುವಾಗಿ ತಯಾರಿಟ್ಟೇನಿ," ಅಂದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ದನಿ ನನಗೇ ಕೇಳಿಸಿತು.

"ನನಗೆ ಮಷೀನು ಗೊತ್ತಿಲ್ಲ ಮಾರಾಯ್ರೇ. ಆದ್ರೆ ಹಳೇ ಕಾವಲಿ ತಗೊಳ್ಳುವಾಗ ನಾನು ಮೊದಲನೇ ದೋಸೆ ನೋಡುದು. ಹತ್ತನೇ ದೋಸೆ ಎಲ್ಲಾ ಕಾವಲಿಯಲ್ಲೂ ಏಳ್ತದೆ. ಇದನ್ನು ಬಂದ್ ಮಾಡಿ, ನಾವು ಊಟ ಮಾಡಿ ಬರುವ. ಆಮೇಲೆ ನೋಡುವ."

ಮಗಳು ನಕ್ಕಳು. ನಾನೂ ನಕ್ಕು ಸ್ವಿಚ್ ಒತ್ತಿದೆ. ಊಟ ಅವರದೇ ಊರಿನವರ ಹೋಟೆಲಿನಲ್ಲಿ. ಅವರು ಸಾರಿನ ಹದ, ಬಡಿಸುವವರ ಕೈ, ಒಲೆಯ ಉರಿ ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದರು. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಬೇಗ ಮುಗಿದರೆ ಕಾರ್ಡು ಬೆಚ್ಚಗಿರುತ್ತದೆ, ತಡವಾದರೆ ಅಲಾರಂ. ಅವರು ಎರಡನೆಯ ಸಲ ಮಜ್ಜಿಗೆ ಹಾಕಿಸಿಕೊಂಡಾಗ ನನಗೆ ಆ ಮನುಷ್ಯನ ಮೇಲೆ ವಿನಾಕಾರಣ ಸಿಟ್ಟು ಬಂತು.

ವಾಪಸು ಬಂದಾಗ ಒಂದೂವರೆ ಗಂಟೆ ಕಳೆದಿತ್ತು. ಆದರೆ ಅದು ಮೇ ತಿಂಗಳು, ತಲೆಯ ಮೇಲೆ ಸಿಮೆಂಟ್ ಶೀಟು, ಶಟರ್ ಮುಚ್ಚಿದ ಗಾಳಾ. ಸ್ವಿಚ್ ಹಾಕಿದೆ. ತಲೆ ಎರಡಿಂಚು ಇಳಿಯಿತು, ಮೂರಿಂಚು, ಕೊನೆಯ ತನಕ ಇಳಿದು ಮೇಲೆ ಹೋಯಿತು. ಅಲಾರಂ ಬರಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರಲ್ಲ, ನನಗೆ ಹಾಗಾಯಿತು. ಅವರು ತಲೆಯಾಡಿಸಿ, ಬೇರೆ ಏನಾದರೂ ಹೇಳಲಿಕ್ಕುಂಟಾ ಎಂದು ಕೇಳಿದರು. ಅವರ ಮುಖದಲ್ಲಿ ಅನುಮಾನ ಒಂದಿಷ್ಟೂ ಉಳಿದಿರಲಿಲ್ಲ. ಅದೇ ನನ್ನನ್ನು ಚುಚ್ಚಿತು. ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಮಗಳು, "ಅಂಕಲ್, ರೋಜ್ ಸುಬಹ ವಾರ್ಮ್-ಅಪ್ ಕಿತನಾ ದೇನಾ ಪಡೇಗಾ?" ಅಂದಳು. ದಿನಾ ಬೆಳಿಗ್ಗೆ ಎಷ್ಟು ಹೊತ್ತು ಬಿಸಿ ಮಾಡಬೇಕು ಎಂಬುದು ಯಾವ ಮಷೀನಿಗೂ ಕೇಳುವ ಸಾದಾ ಪ್ರಶ್ನೆ.

"ನಲವತ್ತು ಮಿನಿಟು," ಅಂದೆ. ಅವಳು ಬರೆದುಕೊಂಡಳು. ಸುಳ್ಳು ಹೇಳಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೂರನೆಯ ದಿನ ಮಷೀನು ಟೆಂಪೋ ಹತ್ತಿ ಘಣಸೋಲಿಗೆ ಹೋಯಿತು.

ರಬಾಳೆಯಿಂದ ಘಣಸೋಲಿ ಎಷ್ಟು ದೂರ? ಒಂದೇ ಸ್ಟೇಷನ್ನು. ಆದರೂ ಒಂದು ವರ್ಷಕ್ಕೂ ಮೇಲೆ ಆ ಕಡೆ ಕಾಲಿಡಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಎತ್ತಲು ಹಿಂಜರಿಯುತ್ತಿದ್ದೆ. ಹೆಂಡತಿ ಹೇಳಿದ್ದು ನಿಜವಾಯಿತು, ನಿದ್ದೆ ಸರಿಯಾಗಿ ಬರಲಿಲ್ಲ. ಕೊನೆಗೆ ಜನವರಿಯ ಒಂದು ಬೆಳಿಗ್ಗೆ, ಫಸ್ಟ್ ಶಿಫ್ಟಿಗೆ ಹೊರಟವನು, ಆದದ್ದಾಗಲಿ ಎಂದು ಘಣಸೋಲಿಯಲ್ಲಿ ಇಳಿದೆ. ಹಳೇ ಊರಿನ ಗಲ್ಲಿಯಲ್ಲಿ ಅವರ ವರ್ಕ್‌ಶಾಪಿನ ಶಟರ್ ಅರ್ಧ ಎತ್ತಿತ್ತು. ಒಳಗೆ ಮಂಕಿ ಕ್ಯಾಪು ಹಾಕಿಕೊಂಡು ಹೋಟೆಲಿನ ಅಪ್ಪ ಒಬ್ಬರೇ ಕೂತಿದ್ದರು. ಮಷೀನಿನ ದೀಪ ಉರಿಯುತ್ತಿತ್ತು.

"ದಿನಾ ಐದೂವರೆಗೆ ಬಂದು ಸ್ವಿಚ್ ಹಾಕ್ತೇನೆ. ಚಳಿಗೆ ನಲವತ್ತು ಮಿನಿಟು ಸಾಲುದಿಲ್ಲ, ಒಂದು ಗಂಟೆ ಬೇಕು. ಮಗಳು ಏಳಕ್ಕೆ ಬರುವಾಗ ತಯಾರಿರ್ತದೆ," ಎಂದರು ಅವರು. ನಲವತ್ತು ವರ್ಷ ನಾಲ್ಕಕ್ಕೆ ಎದ್ದು ಹೋಟೆಲು ತೆರೆದವರು. ಅದನ್ನು ತಮ್ಮನಿಗೆ ಒಪ್ಪಿಸಿ, ಇನ್ನಾದರೂ ಬೆಳಿಗ್ಗೆ ಮಲಗಬೇಕು ಅಂದುಕೊಂಡಿದ್ದರಂತೆ.

ನನಗೆ ತಡೆಯಲಾಗಲಿಲ್ಲ. "ಕಾರ್ಡು ಕೆಟ್ಟಿತ್ತು. ಅವತ್ತ ನನಗ ಗೊತ್ತಿತ್ತ್ರಿ," ಅಂದೆ.

"ನನಗೂ ಗೊತ್ತುಂಟು. ಮೊದಲ ಮಳೆಗೇ ನಿಂತಿತು. ಮಗಳು ಇಲ್ಲದಾಗ ರಿಪೇರಿಯವ ಬಂದು, ಕಾರ್ಡು ಹಳೇದು, ಬಿಸಿ ಮಾಡಿದ್ರೆ ಮಾತ್ರ ಓಡ್ತದೆ ಅಂತ ಹೇಳಿದ."

"ಮತ್ತ ನನಗ ಫೋನ್ ಯಾಕ ಮಾಡಲಿಲ್ಲ?"

"ಮಾಡಿದ್ರೆ ಅವಳಿಗೆ ಗೊತ್ತಾಗ್ತದೆ. ಅವಳ ಮೊದಲ ಮಷೀನು. ಮೋಸ ಹೋದೆ ಅಂತ ತಿಳಿದ್ರೆ ನಾಳೆ ಯಾರ ಹತ್ರ ವ್ಯವಹಾರ ಮಾಡ್ಲಿಕ್ಕೂ ಹೆದರ್ತಾಳೆ. ಹಾಗೆ ಹಳೇ ಮಷೀನಿಗೆ ಚಳಿ ಹೆಚ್ಚು ಅಂತ ಹೇಳಿ ನಾನೇ ಬರ್ತೇನೆ. ನೀವೂ ಹೇಳ್ಬೇಡಿ."

ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಹೊಸ ಡ್ರೈವ್ ಹಾಕಿಸುವ ಖರ್ಚು ಕೊಡುತ್ತೇನೆ ಎಂದು ತೊದಲುತ್ತಿರುವಾಗಲೇ ಶಟರಿನ ಕೆಳಗೆ ಬಗ್ಗಿ ಮಗಳು ಒಳಗೆ ಬಂದಳು. ನನ್ನನ್ನು ನೋಡಿ ಮುಖ ಅರಳಿತು. ಇವರೇ ನನಗೆ ಎಲ್ಲ ನಿಜ ಹೇಳಿ ಮಾರಿದವರು ಎಂದು ಹಿಂದಿಯಲ್ಲಿ ತನ್ನ ಹಿಂದೆ ಬಂದ ವರ್ಕ್‌ಶಾಪಿನ ಸಹಾಯಕಿಗೆ ಪರಿಚಯ ಮಾಡಿಕೊಟ್ಟಳು. ಕಲ್ಯಾಣ್‌ನಲ್ಲಿ ಇನ್ನೊಂದು ರೆಟ್ರೋಫಿಟ್ ಮಷೀನು ಮಾರಾಟಕ್ಕಿದೆಯಂತೆ, ಭಾನುವಾರ ನೋಡಲು ಹೋಗುವವಳಿದ್ದಳು.

"ಅಂಕಲ್, ಆಪ್ ಸಾಥ್ ಚಲಿಯೇ ನಾ. ಆಪ್ ಪೇ ಭರೋಸಾ ಹೈ."

ನನ್ನ ಮೇಲೆ ನಂಬಿಕೆಯಿದೆ, ಜೊತೆಗೆ ಬನ್ನಿ ಅನ್ನುತ್ತಿದ್ದಾಳೆ. ನಾನು ಅಪ್ಪನ ಕಡೆ ನೋಡಿದೆ. ಅವರು ಮಂಕಿ ಕ್ಯಾಪು ತೆಗೆದು ಮಡಚುತ್ತಿದ್ದರು.

"ಹೋಗಿ ಬನ್ನಿ. ಆದ್ರೆ ಅಲ್ಲಿ ನೋಡಿದ್ದೆಲ್ಲಾ ಅವಳಿಗೆ ಹೇಳಿ," ಎಂದರು.